ಗುಣಿಸಬೇಕಾ, ಭಾಗಿಸಬೇಕಾ? ಮಕ್ಕಳಿಗೆ ಅಳತೆ ಬದಲಿಸೋ ಲೆಕ್ಕ ಹೇಳಿಕೊಡೋ ಬಗೆ

ಸಂಜೆ ಹೊತ್ತು ನಮ್ಮ ಹನುಮಂತನಗರದ ಮನೆಗೆ ಆರು, ಏಳನೇ ಕ್ಲಾಸಿನ ಮಕ್ಕಳು ಲೆಕ್ಕ ಕಲಿಯೋಕೆ ಬರುತ್ತಾರೆ. ಮೀಟರನ್ನು ಸೆಂಟಿಮೀಟರ್ ಮಾಡಿ ಅಂದ ಕೂಡಲೇ ಅವರದು ಒಂದೇ ಪ್ರಶ್ನೆ: "ಗುಣಿಸಬೇಕಾ, ಭಾಗಿಸಬೇಕಾ?" ಉತ್ತರ ಹೇಳಿಬಿಡಬೇಡಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಕೈಗೆ ಕೊಡಿ. ಅದರ ಮೇಲೆ 500 ಮಿ.ಲೀ. ಅಂತ ಇರುತ್ತದೆ. ಹಾಲು ಅಷ್ಟೇ, ಅಳೆಯೋ ಲೋಟ ಚಿಕ್ಕದಾಯಿತು, ಅದಕ್ಕೆ ಎಣಿಕೆ ಜಾಸ್ತಿ ಆಯಿತು. ಉತ್ತರ ದೊಡ್ಡದಾಗಬೇಕಾ ಚಿಕ್ಕದಾಗಬೇಕಾ ಅಂತ ಮಗು ಮೊದಲೇ ಹೇಳಲಿ, ಪೆನ್ಸಿಲ್ ಆಮೇಲೆ.

ಬರೆಯುವಾಗ ಬರೀ ಅಂಕಿ ಬರೆಯಲು ಬಿಡಬೇಡಿ. ಪಕ್ಕದಲ್ಲಿ ಅಳತೆಯೂ ಇರಲೇಬೇಕು.

2.35 ಮೀ × (100 ಸೆಂ.ಮೀ ÷ 1 ಮೀ) = 235 ಸೆಂ.ಮೀ

ಮೇಲೊಂದು ಮೀ, ಕೆಳಗೊಂದು ಮೀ, ಎರಡನ್ನೂ ಹೊಡೆದು ಹಾಕಿ. 100 ಸೆಂ.ಮೀ ಅಂದರೂ 1 ಮೀ ಅಂದರೂ ಒಂದೇ ಉದ್ದ ಅಲ್ವಾ, ಹಾಗಾಗಿ ನಾವು ಗುಣಿಸಿದ್ದು ಒಂದರಿಂದಲೇ. ತಲೆಕೆಳಗಾಗಿ ಬರೆದರೆ ಮೀ ಹೋಗುವುದೇ ಇಲ್ಲ, ತಪ್ಪು ತಾನಾಗಿ ಕಾಣುತ್ತದೆ. ವೇಗಕ್ಕೂ ಇದೇ ದಾರಿ. ಮೆಟ್ರೊ ಗಂಟೆಗೆ 72 ಕಿ.ಮೀ. ಓಡುತ್ತಿದ್ದರೆ 72,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿ, ಸೆಕೆಂಡಿಗೆ 20 ಮೀಟರ್.

ಮಕ್ಕಳು ನಿಜವಾಗಿ ಎಡವುವುದು ಚದರದಲ್ಲಿ. ಮೂವತ್ತು ನಲವತ್ತು ಸೈಟು ಗೊತ್ತಿಲ್ಲದ ಮಗು ಬೆಂಗಳೂರಲ್ಲಿ ಇಲ್ಲ. 30 ಅಡಿಗೆ 40 ಅಡಿ, ಅಂದರೆ 1200 ಚದರ ಅಡಿ. ಚದರ ಮೀಟರಿಗೆ ಬದಲಿಸು ಅಂದರೆ, ಒಂದು ಮೀಟರಿಗೆ 3.28 ಅಡಿ ಅಂತ ಭಾಗಿಸಿ 366 ಅಂತ ಬರೆದುಬಿಡುತ್ತಾರೆ. ಬೈಯಬೇಡಿ, ಸೀಮೆಸುಣ್ಣ ತಗೊಂಡು ತಾರಸಿಗೆ ಹೋಗಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಸಿ, ಒಳಗೆ ಒಂದೊಂದು ಅಡಿಯ ಚೌಕ ಹಾಕಿಸಿ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಅಲ್ಲಿಗೇ ಒಂಬತ್ತು ಮನೆ ಆಯಿತು, ಇನ್ನೂ ಎರಡು ಅಂಚಿನಲ್ಲಿ ಪಟ್ಟಿ ಉಳಿದಿದೆ. ಅದನ್ನೂ ಸೇರಿಸಿದರೆ ಸುಮಾರು 10.76. ಎರಡೂ ಕಡೆಯಿಂದ ಬದಲಾಗುವುದರಿಂದ 3.28 ಎರಡು ಸಲ ಬರಬೇಕು ಅನ್ನೋದು ಆ ಪಟ್ಟಿ ನೋಡಿದ ಮಗುವಿಗೆ ಮತ್ತೆ ಹೇಳಬೇಕಾಗಿಲ್ಲ. ಸೈಟಿನ ಸರಿಯಾದ ಉತ್ತರ ಸುಮಾರು 111.5 ಚದರ ಮೀಟರ್.

ಸೀಮೆಸುಣ್ಣ ಕೈಯಲ್ಲಿರುವಾಗಲೇ ಇನ್ನೊಂದು ಕೇಳಿ: ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಮೂವತ್ತು ನಲವತ್ತು ಸೈಟು ಅದಕ್ಕಿಂತ ದೊಡ್ಡದಾ, ಚಿಕ್ಕದಾ?