ಅರ್ಕಾವತ್ತು ಸರಿ ಬಂದರೆ ಮುಂದಿನ ಮಾತು: ನನ್ನ ಡಿಟಿಪಿ ಅಂಗಡಿಯ ಉಚಿತ ತಂತ್ರಾಂಶಗಳು

ಸಾಗರದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಸೊಸೈಟಿಯ ವಾರ್ಷಿಕ ವರದಿ, ಮಧ್ಯೆ ಮಧ್ಯೆ ಜೆರಾಕ್ಸ್, ಆನ್‌ಲೈನ್ ಅರ್ಜಿ. ಹದಿನೈದು ವರ್ಷ ನಾನೂ ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬೀಗ ಮುರಿದ, ತಂತ್ರಾಂಶದಲ್ಲೇ ಬದುಕಿದವನು. ಅದು ಕಳ್ಳತನ ಅಂತ ಆಗ ನಮಗ್ಯಾರಿಗೂ ಅನ್ನಿಸುತ್ತಲೇ ಇರಲಿಲ್ಲ. ಒಂದು ಸಲ ಸರಿಯಾಗಿ ಮದುವೆ ಸೀಸನ್ನಿನಲ್ಲಿ ಅಂಥದ್ದೇ ಒಂದು ಕ್ರ್ಯಾಕ್ ಜೊತೆ ವೈರಸ್ ಬಂತು, ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿತು. ಕೊಡಲಿಲ್ಲ. ಅರ್ಧ ಕೆಲಸ ಹೋಯಿತು, ಇನ್ನರ್ಧ ಪೆನ್‌ಡ್ರೈವ್‌ಗಳಲ್ಲಿ ಸಿಕ್ಕಿತು.

ಆಮೇಲೆ ಒಂದು ಹಳೆ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ ನೋಡಿದೆ. ದೊಡ್ಡ ಭಯ ಇದ್ದದ್ದು ಕೀಬೋರ್ಡಿನದ್ದು. ನನ್ನ ಬೆರಳಿಗೆ ನುಡಿ ತಂತ್ರಾಂಶದ ಕನ್ನಡ ಕೀಲಿ ವಿನ್ಯಾಸ ಬಿಟ್ಟರೆ ಬೇರೆ ಗೊತ್ತಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಹುಡುಕಿದರೆ ಕನ್ನಡದ ಕೆಳಗೆ ‘ಕಗಪ’ ಅಂತ ಅದೇ ವಿನ್ಯಾಸ ಕೂತಿತ್ತು! ಒತ್ತಕ್ಷರಕ್ಕೆ ಅದೇ ಎಫ್ ಕೀ. ಅವತ್ತೇ ಅರ್ಧ ಧೈರ್ಯ ಬಂತು.

ಆದರೆ ನಿಜವಾದ ಕಷ್ಟ ತಂತ್ರಾಂಶದ್ದಲ್ಲ, ಹಳೆ ಫೈಲುಗಳದ್ದು. ನಮ್ಮಲ್ಲಿ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜಾತ್ರೆ ಹತ್ತಿರ ಬಂದರೆ ಜನ ಹಿಂದಿನ ಕರಪತ್ರ ಹಿಡಿದು ಬಂದು "ಇದನ್ನೇ ಹಾಕಿ, ತಾರೀಕು ಮಾತ್ರ ಬದಲಿಸಿ" ಅನ್ನುತ್ತಾರೆ. ಅದರ ಹಳೆ ಫೈಲು ತೆರೆದರೆ ಕನ್ನಡವೇ ಇಲ್ಲ, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಯಾಕೆಂದರೆ ಹಳೆ ನುಡಿ, ಬರಹ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿಯವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ, ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಇದಕ್ಕೆ ಈ ಹಳೆ ಪದ್ಧತಿಯಿಂದ (ಆಸ್ಕಿ ಅನ್ನುತ್ತಾರೆ) ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ನಾನು ಜಾಸ್ತಿ ಬಳಸಿದ್ದು ಅರವಿಂದ ವಿ.ಕೆ. ಅವರು ಮಾಡಿದ್ದು. ಒಂದೇ ಎಚ್ಚರಿಕೆ: ಪಠ್ಯದ ಮಧ್ಯೆ ನಿಜವಾದ ಇಂಗ್ಲಿಷ್ ಇದ್ದರೆ, ಇಮೇಲ್ ವಿಳಾಸ, ಅಂಗಡಿ ಹೆಸರು ಇಂಥದ್ದು, ಅದನ್ನೂ ಕನ್ನಡ ಅಂತಲೇ ತಿಳಿದು ಕಲಸಿಬಿಡುತ್ತದೆ. ಹಾಗಾಗಿ ಇಂಗ್ಲಿಷ್ ಭಾಗ ಮೊದಲೇ ಕತ್ತರಿಸಿ ಪಕ್ಕಕ್ಕಿಟ್ಟು ಆಮೇಲೆ ಅಂಟಿಸುತ್ತೇನೆ.

ಯಾವ ಹೊಸ ತಂತ್ರಾಂಶ ಬಂದರೂ ಒತ್ತಕ್ಷರ ಸರಿ ಬೀಳುತ್ತದಾ ಅಂತ ನೋಡಲು ನಾನು ಮೊದಲು ಟೈಪ್ ಮಾಡುವುದು ನಾಲ್ಕೇ ಪದ. ಸ್ತ್ರೀ, ರಾಷ್ಟ್ರೀಯ, ಕಾರ್ಯಕ್ರಮ, ರ‍್ಯಾಂಕ್. ಕೊನೆಯದ್ದು ಕಲಿಸಿದ ಪಾಠಕ್ಕೆ ಕೈಯಿಂದ ದುಡ್ಡು ಕೊಟ್ಟಿದ್ದೇನೆ. ಒಂದು ಟ್ಯೂಷನ್‌ನವರ ಕರಪತ್ರ, ಎರಡು ಸಾವಿರ ಪ್ರತಿ. ದಪ್ಪ ಅಕ್ಷರದಲ್ಲಿ ‘ರ್ಯಾಂಕ್’ ಅಂತ ಅಚ್ಚಾಗಿತ್ತು. ಯೂನಿಕೋಡಿನಲ್ಲಿ ರ ಆದಮೇಲೆ ಸುಮ್ನೆ ಒತ್ತು ಕೊಟ್ಟರೆ ಅದು ಅರ್ಕಾವತ್ತಾಗಿ ಮುಂದಿನ ಅಕ್ಷರದ ಬಾಲಕ್ಕೆ ಹೋಗುತ್ತದೆ. ರ ಅಲ್ಲೇ ನಿಂತು ಯ ಒತ್ತಾಗಬೇಕಾದರೆ ರ ಮತ್ತು ಹಲಂತ ಅನ್ನುವ ಒತ್ತಿನ ಗುರುತಿನ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಹಾಕಬೇಕು. ಅದನ್ನು ಈಗ ಉಚಿತ ಆಫೀಸ್ ತಂತ್ರಾಂಶವಾದ ಲಿಬ್ರೆಆಫೀಸಿನ ತಪ್ಪು ತಿದ್ದುವ ಪಟ್ಟಿಯಲ್ಲೇ ಸೇರಿಸಿಟ್ಟಿದ್ದೇನೆ, ತಪ್ಪಾಗಿ ಹೊಡೆದರೂ ತಾನೇ ಸರಿಯಾಗುತ್ತದೆ.

ಲಿಬ್ರೆಆಫೀಸ್ ಬಗ್ಗೆ ಇನ್ನೆರಡು ಮಾತು. ಅದರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಫಾಂಟ್ ಬೇರೆ ಬೇರೆ. ಸ್ಟೈಲ್ ಒಳಗೆ ‘ಸಿಟಿಎಲ್’ (ಕನ್ನಡದಂಥ ಸಂಕೀರ್ಣ ಲಿಪಿಗಳದ್ದು) ಅನ್ನುವ ಜಾಗದಲ್ಲಿ ಕನ್ನಡದ ಫಾಂಟ್ ಕೊಡಬೇಕು. ಇದು ಗೊತ್ತಿಲ್ಲದೆ ನಾನು ಎರಡು ದಿನ ಬೈದುಕೊಂಡು ಕೂತಿದ್ದೆ. ಇನ್ನೊಂದು, ಪಿಡಿಎಫ್ ಮಾಡುವಾಗ ‘ಹೈಬ್ರಿಡ್’ ಅಂತ ಒಂದು ಗುರುತು ಹಾಕಿದರೆ ಮೂಲ ಕಡತವೂ ಅದರೊಳಗೇ ಸೇರಿಕೊಳ್ಳುತ್ತದೆ. ಮೂರು ವರ್ಷ ಬಿಟ್ಟು ಅದೇ ಪಿಡಿಎಫ್ ತೆರೆದು ತಾರೀಕು ಬದಲಿಸಬಹುದು! ಜಾತ್ರೆ ಗಿರಾಕಿಗಳಿಗಾಗಿಯೇ ಮಾಡಿದ ಹಾಗಿದೆ.

ಲಗ್ನಪತ್ರಿಕೆ ಎಲ್ಲ ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ. ಗಣಪತಿ ಚಿತ್ರ, ಬಳ್ಳಿ, ಚೌಕಟ್ಟು, ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಪ್ರೆಸ್ಸಿಗೆ ಕಳಿಸುವ ಮೊದಲು ಅಕ್ಷರಗಳನ್ನು ‘ಪಾತ್’ ಆಗಿ, ಅಂದರೆ ಬರೀ ಗೆರೆಯ ಚಿತ್ರವಾಗಿ, ಬದಲಿಸುತ್ತೇನೆ, ಆಗ ಅವರ ಹತ್ತಿರ ನನ್ನ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಬದಲಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ದಯವಿಟ್ಟು. ಒಮ್ಮೆ ಅದೇ ಫೈಲಿನ ಮೇಲೆ ಉಳಿಸಿದೆ, ಮಾರನೇ ದಿನ ಭಟ್ರು ಬಂದು "ಎಂತ ಮಾರಾಯ, ಸೋದರಮಾವನ ಹೆಸರೇ ಬಿಟ್ಟು ಹೋಯ್ದಲ್ಲ" ಅಂದರು. ಪೂರ್ತಿ ಪತ್ರಿಕೆ ಮತ್ತೆ ಟೈಪ್ ಮಾಡಿದೆ.

ಇಂಕ್‌ಸ್ಕೇಪಿನ ಕೊರತೆ ಬಣ್ಣದಲ್ಲಿ. ಅದರ ಪಿಡಿಎಫ್ ಪರದೆಯ ಬಣ್ಣದಲ್ಲೇ ಬರುತ್ತದೆ, ಆಫ್‌ಸೆಟ್ಟಿನವರಿಗೆ ಬೇಕಾದ ನಾಲ್ಕು ಬಣ್ಣದ ಲೆಕ್ಕದಲ್ಲಲ್ಲ. ಕಪ್ಪು ಅಕ್ಷರ ನಾಲ್ಕೂ ಪ್ಲೇಟಿಗೆ ಹಂಚಿಹೋಗಿ ಅಂಚು ಮಸುಕಾಗುತ್ತದೆ. ಅದಕ್ಕೆ ಪುಸ್ತಕ, ಸ್ಮರಣ ಸಂಚಿಕೆ ಇಂಥವನ್ನು, ನಾಲ್ಕು ಬಣ್ಣದಲ್ಲೇ ಪಿಡಿಎಫ್ ಕೊಡುವ ಪುಟವಿನ್ಯಾಸ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ ಕಟ್ಟುತ್ತೇನೆ. ಹಳೆಯ 1.4 ಆವೃತ್ತಿಯಲ್ಲಿ ಕನ್ನಡದ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು, ನಾನು ಕೈಬಿಟ್ಟಿದ್ದೆ. 2024ರಲ್ಲಿ 1.6 ಬಂದ ಮೇಲೆ ನನ್ನ ನಾಲ್ಕೂ ಪದ ಪಾಸಾದವು. ಕಲಿಯೋಕೆ ಸ್ವಲ್ಪ ಹಠ ಬೇಕು, ಒಪ್ಪುತ್ತೇನೆ.

ಅರ್ಜಿ ಹಾಕಲು ಬರುವವರಿಗೆ ಫೋಟೋ ಇಷ್ಟೇ ಕೆಬಿ ಒಳಗಿರಬೇಕು ಅನ್ನುವ ಗೋಳು. ಚಿತ್ರ ತಿದ್ದುವ ತಂತ್ರಾಂಶವಾದ ಇಮೇಜ್‌ಮ್ಯಾಜಿಕ್‌ಗೆ ಮಿತಿ ಹೇಳಿದರೆ ಗುಣಮಟ್ಟ ತಾನೇ ಇಳಿಸಿ ಅಷ್ಟರೊಳಗೆ ತರುತ್ತದೆ. ಅದಕ್ಕೆ ಕಿಟಕಿ ಇಲ್ಲ, ಆಜ್ಞೆ ಟೈಪ್ ಮಾಡಬೇಕು. ನಾನು ಒಂದು ಸಲ ಬರೆದಿಟ್ಟು ಐಕಾನ್ ಮಾಡಿಕೊಂಡೆ, ಈಗ ಅಂಗಡಿಯ ಹುಡುಗ ಬರೇ ಕ್ಲಿಕ್ ಮಾಡುತ್ತಾನೆ.

ಹಳೆ ಮುದ್ರಿತ ಪುಟ ತಂದು "ಇದನ್ನು ಟೈಪ್ ಮಾಡಿ" ಅನ್ನುವವರಿಗೆ ಸ್ಕ್ಯಾನ್ ಮಾಡಿದ ಚಿತ್ರದಲ್ಲಿನ ಅಕ್ಷರ ಓದಿ ಪಠ್ಯವಾಗಿಸುವ ಟೆಸೆರಾಕ್ಟ್ ಇದೆ. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದದ್ದು, ಕನ್ನಡವನ್ನೂ ಓದುತ್ತದೆ. 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಮಾಡಿದ ಆಫ್‌ಸೆಟ್ ಪುಟವಾದರೆ ತಿದ್ದುವುದು ಕಡಿಮೆ. ಮೊಳೆ ಅಚ್ಚಿನ, ಮಸಿ ಹರಡಿದ ಪುಟವಾದರೆ ಅದು ಕೊಟ್ಟದ್ದನ್ನು ತಿದ್ದುವ ಹೊತ್ತಿಗೆ ಹೊಸದಾಗಿ ಟೈಪ್ ಮಾಡಿ ಮುಗಿಸಬಹುದು. ನಾನು ಮೊದಲ ಪುಟ ನೋಡಿ ತೀರ್ಮಾನ ಮಾಡುತ್ತೇನೆ, ಗಿರಾಕಿಗೆ ರೇಟು ಹೇಳುವುದೂ ಆಮೇಲೆಯೇ.

ಪೂರ್ತಿ ಬಿಟ್ಟೆನಾ ಅಂದರೆ, ಇಲ್ಲ. ಮೂಲೆಯಲ್ಲಿ ವಿಂಡೋಸ್ ಇರುವ ಒಂದು ಹಳೆ ಡಬ್ಬ ಇನ್ನೂ ಇದೆ, ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್ ಫೈಲುಗಳನ್ನು ತೆರೆದು ಪಠ್ಯ ಎತ್ತಿಕೊಳ್ಳಲಿಕ್ಕೆ. ಅದರ ಇಂಟರ್‌ನೆಟ್ ವೈರು ಮಾತ್ರ ಕಿತ್ತಿಟ್ಟಿದ್ದೇನೆ.