‘ಕ್ರಂಪಲ್’ ಎಂಬ ಇಂಗ್ಲಿಷ್ ಪದವನ್ನು ಬಳಸುವ ಬಗೆ

ಒಂದು ಹಾಳೆಯನ್ನು ಅಂಗೈಯಲ್ಲಿಟ್ಟು ಬೆರಳುಗಳನ್ನು ಮೆಲ್ಲಗೆ ಬಿಗಿಹಿಡಿಯುತ್ತ ಬಂದರೆ, ಅದು ಪರಪರ ಸದ್ದು ಮಾಡುತ್ತ, ಎಲ್ಲೆಂದರಲ್ಲಿ ಮಡಿಕೆ ಬಿದ್ದು, ಕೊನೆಗೆ ಒರಟಾದ ಉಂಡೆಯಾಗುತ್ತದೆ. ಇಂಗ್ಲಿಷಿನವರು ಇದಕ್ಕೆ ‘ಕ್ರಂಪಲ್’ ಎನ್ನುತ್ತಾರೆ. ಮೈಸೂರು, ಮಂಡ್ಯದ ಕಡೆ ನಾವು ‘ಮುದುರು’ ಎನ್ನುತ್ತೇವೆ, ಇಲ್ಲವೇ ‘ಮುದ್ದೆ ಮಾಡು’ ಎನ್ನುತ್ತೇವೆ. ಎರಡನೆಯದು ರಾಗಿ ಉಣ್ಣುವವರ ಬಾಯಿಗೆ ಸಹಜವಾಗಿ ಬರುವ ಮಾತು. ಆದರೆ ತಟ್ಟೆಯಲ್ಲಿನ ಮುದ್ದೆ ನುಣುಪಾಗಿದ್ದು ಒಳಗೆಲ್ಲ ಗಟ್ಟಿಯಾಗಿರುತ್ತದೆ. ಕಾಗದದ ಮುದ್ದೆಯನ್ನು ಎಷ್ಟೇ ಅದುಮಿದರೂ ಅದರೊಳಗೆ ಬಹುಪಾಲು ಗಾಳಿಯೇ ಇರುತ್ತದೆ.

ಪದದ ಹುಟ್ಟನ್ನು ತಿಳಿದರೆ ಬಳಕೆ ಸುಲಭವಾಗುತ್ತದೆ. ‘ಕ್ರಂಪ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸೊಟ್ಟ, ಡೊಂಕು; ಜರ್ಮನ್ ಭಾಷೆಯ ‘ಕ್ರುಮ್’ ಇದರ ದಾಯಾದಿ. ಕೊನೆಯಲ್ಲಿ ಸೇರಿರುವ ‘ಲ್’ ಸಣ್ಣ ಕ್ರಿಯೆ ಮತ್ತೆ ಮತ್ತೆ ನಡೆಯುವುದನ್ನು ಸೂಚಿಸುತ್ತದೆ. ‘ಸ್ಪಾರ್ಕ್’ ಎಂಬುದು ‘ಸ್ಪಾರ್ಕಲ್’ ಆದದ್ದೂ ಹೀಗೆಯೇ. ಆದ್ದರಿಂದ ವಸ್ತುವಿನ ಆಕಾರ ಕೆಟ್ಟು ಅದರ ತುಂಬ ಅಡ್ಡಾದಿಡ್ಡಿ ಮಡಿಕೆಗಳು ಬಿದ್ದಿದ್ದರೂ ಅದು ಹರಿಯದೆ, ಪುಡಿಯಾಗದೆ ಉಳಿದಿದ್ದರೆ ಮಾತ್ರ ಈ ಪದವನ್ನು ಬಳಸಬೇಕು.

ಇದಕ್ಕೆ ನೋಟಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವಾಕೆ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಡುವಾಗ, ಬೆವರು ಹೀರಿ ಮೆತ್ತಗಾದ ಹತ್ತು ರೂಪಾಯಿಯ ನೋಟು ಮಲ್ಲಿಗೆಯ ಮೊಗ್ಗಿನಷ್ಟೇ ಸಣ್ಣದಾಗಿ ಮುದುರಿಕೊಂಡಿರುತ್ತದೆ. ಅದು ‘ಎ ಕ್ರಂಪಲ್ಡ್ ನೋಟ್’. ಬಿಡಿಸಿ ಹೆಬ್ಬೆರಳಿನಿಂದ ತೀಡಿದರೆ ಗೆರೆಗಳು ಉಳಿದರೂ ನೋಟು ಮಾತ್ರ ಇಡಿಯಾಗಿಯೇ ಇರುತ್ತದೆ, ಏಕೆಂದರೆ ನಮ್ಮ ನೋಟಿನ ಕಾಗದವನ್ನು ಮರದ ತಿರುಳಿನಿಂದಲ್ಲ, ಹತ್ತಿಯಿಂದ ತಯಾರಿಸುತ್ತಾರೆ. ನೋಟು ಮುದ್ರಿಸುವ ಕಾರ್ಖಾನೆಯೊಂದು ಇರುವುದೂ ಮೈಸೂರಿನಲ್ಲೇ. ಅಲ್ಲಿಂದ ಹೊರಡುವ ಗರಿಗರಿ ನೋಟಿಗೆ ಇಂಗ್ಲಿಷಿನಲ್ಲಿ ‘ಕ್ರಿಸ್ಪ್’ ಎಂಬ ಪದವಿದೆ. ಅದು ‘ಕ್ರಂಪಲ್ಡ್’ ಎಂಬುದಕ್ಕೆ ನೇರ ವಿರುದ್ಧ.

ಪಾಠ ಹೇಳುವಾಗ ನಾನು ಅತಿ ಹೆಚ್ಚು ತಿದ್ದಿರುವ ತಪ್ಪೆಂದರೆ ‘ಪಿ’ ಅಕ್ಷರ ಇರಬೇಕಾದ ಕಡೆ ‘ಬಿ’ ಬರೆಯುವುದು. ‘ಕ್ರಂಬಲ್’ ಎಂದರೆ ಪುಡಿಪುಡಿಯಾಗುವುದು. ಹಳೆಯ ಕಾಲದ ಗಟ್ಟಿ ಮೈಸೂರು ಪಾಕನ್ನು ಮುರಿದರೆ ಅದು ‘ಕ್ರಂಬಲ್’ ಆಗುತ್ತದೆ, ತಿಂದು ಮುಗಿಸಿ ಎಸೆಯುವ ಪೊಟ್ಟಣದ ಕಾಗದ ‘ಕ್ರಂಪಲ್’ ಆಗುತ್ತದೆ. ಈ ಜೋಡಿಯನ್ನು ಹೇಳಿಕೊಟ್ಟ ಮೇಲೆ ಮಕ್ಕಳು ಮರೆತದ್ದು ಕಡಿಮೆ.

‘ಕ್ರಷ್’ ಎಂಬುದು ಇನ್ನೊಂದು ಗೊಂದಲ. ಅಲ್ಲಿ ಮುಖ್ಯವಾದದ್ದು ಮಡಿಕೆಯಲ್ಲ, ಒತ್ತಡ. ಮಂಡ್ಯದಲ್ಲಿ 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ ಕಬ್ಬನ್ನು ನುರಿಸುತ್ತದೆಯಲ್ಲವೇ, ಅದು ‘ಕ್ರಷ್’; ಕಬ್ಬನ್ನು ಯಾರೂ ‘ಕ್ರಂಪಲ್’ ಮಾಡಲಾರರು. ಇಸ್ತ್ರಿಪೆಟ್ಟಿಗೆಯಿಂದ ಬೇಕೆಂದೇ ಎಳೆದ ಪ್ಯಾಂಟಿನ ಗೆರೆ ‘ಕ್ರೀಸ್’, ಮುಪ್ಪಿನಲ್ಲಿ ಮುಖದ ಮೇಲೆ ಮೂಡುವ ಸುಕ್ಕು ‘ರಿಂಕಲ್’, ಬಸ್ಸಿನ ನೂಕುನುಗ್ಗಲಿನಲ್ಲಿ ಮುದುರಿಹೋದ ಅಂಗಿ ‘ಕ್ರಂಪಲ್ಡ್’. ಬಿಸಿಲಿಗೆ ಮುದುಡಿದ ವೀಳ್ಯದೆಲೆಗೆ ಈ ಪದ ಒಪ್ಪುವುದಿಲ್ಲ, ಏಕೆಂದರೆ ಅದು ನೀರಾರಿ ತಾನಾಗಿ ಸುರುಟಿಕೊಂಡದ್ದು; ಅದಕ್ಕೆ ‘ಶ್ರಿವಲ್’ ಎನ್ನಬೇಕು.

ವ್ಯಾಕರಣದ ವಿಷಯ ಹೆಚ್ಚಿಲ್ಲ. ‘ಹುಡುಗ ಹಾಳೆಯನ್ನು ಮುದುರಿದ’, ‘ಹಾಳೆ ಮುದುರಿಕೊಂಡಿತು’ ಎಂಬ ಎರಡೂ ಕಡೆ ಇಂಗ್ಲಿಷಿನಲ್ಲಿ ‘ಕ್ರಂಪಲ್ಡ್’ ಎಂಬ ಒಂದೇ ರೂಪ ಸಾಕಾಗುತ್ತದೆ. ಕ್ರಿಯೆ ಪೂರ್ತಿಯಾಗಿ ಕಾಗದ ಉಂಡೆಯೇ ಆಗಿಬಿಟ್ಟಿತು ಎನ್ನಬೇಕಾದಾಗ ‘ಅಪ್’ ಸೇರಿಸುತ್ತಾರೆ; ನಮ್ಮ ‘ಬಿಡು’ ಮಾಡುವ ಕೆಲಸವನ್ನು ಅಲ್ಲಿ ‘ಅಪ್’ ಮಾಡುತ್ತದೆ.

ಕಾಗದ, ಬಟ್ಟೆಗಳನ್ನು ದಾಟಿ ಈ ಪದ ಲೋಹದ ತಗಡಿಗೂ ಸಲ್ಲುತ್ತದೆ. ಅಪಘಾತದಲ್ಲಿ ಕಾರಿನ ಮುಂಭಾಗ ನಜ್ಜುಗುಜ್ಜಾಯಿತು ಎಂದು ಪತ್ರಿಕೆಗಳು ಬರೆಯುವುದನ್ನು ಬೆಂಗಳೂರು–ಮೈಸೂರು ಹೆದ್ದಾರಿಯ ಆಸುಪಾಸಿನವರು ಮೇಲಿಂದ ಮೇಲೆ ಓದುತ್ತಿರುತ್ತಾರೆ. ಹಾಗೆ ನಜ್ಜುಗುಜ್ಜಾಗಲೆಂದೇ ರೂಪಿಸಿದ ಭಾಗಕ್ಕೆ ‘ಕ್ರಂಪಲ್ ಝೋನ್’ ಎಂದು ಹೆಸರು. ಡಿಕ್ಕಿಯ ಹೊಡೆತವನ್ನು ಮುಂದಿನ ಮತ್ತು ಹಿಂದಿನ ತಗಡುಗಳು ತಾವು ಮುದುರಿಕೊಳ್ಳುವ ಮೂಲಕ ಹೀರಿಕೊಂಡರೆ, ನಡುವೆ ಕುಳಿತವರಿಗೆ ಪೆಟ್ಟು ಕಡಿಮೆಯಾಗುತ್ತದೆ. ಮರ್ಸಿಡಿಸ್ ಬೆಂಜ್ ಸಂಸ್ಥೆಯ ಎಂಜಿನಿಯರ್ ಬೆಲಾ ಬರೇನಿ ಮುಂದಿಟ್ಟ ಈ ಕಲ್ಪನೆ 1959ರಲ್ಲಿ ಬಂದ ಆ ಸಂಸ್ಥೆಯ ಕಾರಿನಲ್ಲಿ ಬಳಕೆಗೆ ಬಂತು. ಇದನ್ನು ಕನ್ನಡದಲ್ಲಿ ‘ನಜ್ಜುಗುಜ್ಜು ವಲಯ’ ಎಂದರೆ ನಗೆ ಬರುತ್ತದೆ. ‘ಮುದುರು ಭಾಗ’ ಎನ್ನುವುದು ನನ್ನ ಆಯ್ಕೆ.

ಮನುಷ್ಯರಿಗೆ ಅನ್ವಯಿಸುವಾಗ ಎಚ್ಚರ ಬೇಕು. ‘ಹೀ ಕ್ರಂಪಲ್ಡ್ ಟು ದ ಫ್ಲೋರ್’ ಎಂದರೆ ಮರದಂತೆ ನೆಟ್ಟಗೆ ಉರುಳಿದ ಎಂದಲ್ಲ. ಮೊಣಕಾಲು ಸೋತು, ಇದ್ದಲ್ಲೇ ಕುಸಿದುಬಿದ್ದ ಎಂದು. ‘ಹರ್ ಫೇಸ್ ಕ್ರಂಪಲ್ಡ್’ ಎಂಬುದನ್ನು ‘ಮುಖ ಕಿವುಚಿದಳು’ ಎಂದು ಅನುವಾದಿಸಿದವರನ್ನು ಕಂಡಿದ್ದೇನೆ. ನಮ್ಮಲ್ಲಿ ಮುಖ ಕಿವುಚುವುದು ಅಸಹ್ಯಕ್ಕೆ, ಹುಣಸೆಯ ಹುಳಿಗೆ. ಇಲ್ಲಿ ಹೇಳುತ್ತಿರುವುದು ತುಟಿ ನಡುಗಿ ಕಣ್ಣು ತುಂಬಿಕೊಳ್ಳುವ ಮುನ್ನಿನ ಗಳಿಗೆಯನ್ನು. ‘ಅವಳ ಮುಖ ಅಳುಮೋರೆಯಾಯಿತು’ ಎಂದು ಬರೆಯಬೇಕು.