ಪಿಜೋ ಇಂಜಿನ್ನೇ ಇಟ್ಕೊಂಡು ಟ್ರೈಲರ್ ಎಳೆಸಿದ್ದು: ನನ್ನ ಅನುಭವ

ಹೋದ ಡಿಸೆಂಬರ್‌ನಲ್ಲಿ ಕುಳ್ಕುಂದದಿಂದ ಬಿಸಿಲೆ ಘಾಟಿ ಹತ್ತಿ ವನಗೂರು ಮುಟ್ಟೋವರೆಗೂ ನಮ್ಮ ಹಳೇ ಮಹೀಂದ್ರ ಜೀಪಿನ ಟೆಂಪರೇಚರ್ ಮುಳ್ಳು ತೊಂಬತ್ತು ಡಿಗ್ರಿ ದಾಟ್ಲಿಲ್ಲ. ಜೀಪಲ್ಲಿ ನಾವು ನಾಲ್ಕು ಜನ, ಹಿಂದೆ ಟ್ರೈಲರ್, ಅದ್ರಲ್ಲಿ ಟೆಂಟು, ಸ್ಟೌ, ಸಿಲಿಂಡರ್, ನೀರಿನ ಕ್ಯಾನು, ಎರಡು ದಿನದ ಅಡುಗೆ ಸಾಮಾನು ಎಲ್ಲಾ. ಮೇಲೆ ಬಂದ್ಮೇಲೆ ಬಾನೆಟ್ ತೆಗೆದು ರೇಡಿಯೇಟರ್ ಮೇಲಿನ ಹೋಸ್ ಮೇಲೆ ಕೈ ಇಟ್ಟು ನೋಡ್ದೆ, ಫೋಟೋ ತೆಗೆದು ಹಾಸನದ ನಮ್ಮ ಮೇಸ್ತ್ರಿಗೆ ಕಳಿಸ್ದೆ. ರಿಪ್ಲೈ ಬರ್ಲಿಲ್ಲ, ನೀಲಿ ಟಿಕ್ ಬಂತು, ನನಗಷ್ಟು ಸಾಕು.

ಯಾಕಂದ್ರೆ ಮೂರು ವರ್ಷದಿಂದ ಸಿಕ್ಕೋರೆಲ್ಲಾ ಒಂದೇ ಮಾತು: "ಪಿಜೋ ಇಂಜಿನ್ ಕಿತ್ತು ಬಿಸಾಕಿ ಡಿಐ ಕೂರ್ಸು, ಇಲ್ಲಾಂದ್ರೆ ಟ್ರೈಲರ್ ಆಸೆ ಬಿಡು." ಪಿಜೋ ಅಂದ್ರೆ ಗಾಡಿ ಜೊತೆ ಬಂದ ಪ್ಯೂಜೋ ಡೀಸೆಲ್ ಇಂಜಿನ್ನು, ಘಾಟೀಲಿ ಕಾಯುತ್ತೆ ಅಂತ ಹೆಸರು; ಡಿಐ ಅಂದ್ರೆ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್ ಇಂಜಿನ್ನು. ನಾನು ಎರಡೂ ಮಾಡ್ಲಿಲ್ಲ. ಡಿಐ ಬಗ್ಗೆ ನನಗೇನೂ ದ್ವೇಷ ಇಲ್ಲ, ಗಟ್ಟಿ ಇಂಜಿನ್ನು, ಪಾರ್ಟ್ಸ್ ಮೂಲೆಮೂಲೇಲಿ ಸಿಗುತ್ತೆ. ಆದ್ರೆ ಆ ಭಾರ, ಆ ನಡುಕ, ಆಮೇಲೆ ಆರ್‌ಸೀಲಿ ಇಂಜಿನ್ ನಂಬರ್ ಬದಲಾಯಿಸೋಕೆ ಓಡಾಡೋದು, ಇದೆಲ್ಲಾ ಯಾರಿಗೆ ಬೇಕು. 2112 ಸಿಸಿ ಪಿಜೋ ಸರಿಯಾಗಿದ್ರೆ ಎಷ್ಟು ನಯವಾಗಿ ಓಡುತ್ತೆ ಅಂತ ಓಡಿಸಿದವ್ರಿಗೆ ಗೊತ್ತು.

ಗಾಡಿ 88ರ ಮಾಡೆಲ್ ಮಹೀಂದ್ರ ಎಂಎಂ540 ಜೀಪು. ಸಕಲೇಶಪುರದ ಕಡೆ ಒಂದು ತೋಟದ ಶೆಡ್ಡಲ್ಲಿ ಆರು ವರ್ಷ ನಿಂತಿತ್ತು. ಒಂದು ಲಕ್ಷ ನಲವತ್ತು ಸಾವಿರಕ್ಕೆ ಮುಗಿಸ್ದೆ, ಅವ್ರು ಒಂದೂಮುಕ್ಕಾಲು ಹೇಳಿದ್ರು. ನಂದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ, ಹಂಗಾಗಿ ಸ್ಪ್ಯಾನರ್ ಹಿಡಿಯೋದು ಹೊಸದಲ್ಲ, ಲೇತ್‌ನವ್ರು ವೆಲ್ಡಿಂಗ್‌ನವ್ರು ಎಲ್ಲಾ ಅಕ್ಕಪಕ್ಕದವ್ರೇ. ಆದ್ರೂ ಮೊದಲ ವರ್ಷ ಬರೀ ದುಡ್ಡು ಸುಟ್ಟಿದ್ದು.

ಬಾಡಿ ಎತ್ತಿ ನೋಡಿದ್ರೆ ಚಾಸಿಸ್ ಪೆಟ್ಟಿಗೆ ಒಳಗಿಂದ ಮೂರು ಬಾಂಡ್ಲಿ ಕೆಂಪು ಮಣ್ಣು ಬಂತು. ಮಲೆನಾಡಲ್ಲಿ ಓಡಿದ ಜೀಪು ತಗೊಳ್ಳೋರು ಪೇಂಟ್ ನೋಡ್ಬೇಡಿ, ಸುತ್ತಿಗೆ ತಗೊಂಡು ಹಿಂದಿನ ಕ್ರಾಸ್ ಮೆಂಬರ್ (ಚಾಸಿಸ್ಸಿನ ಅಡ್ಡಪಟ್ಟಿ) ತಟ್ಟಿ. ನಂದು ಹಪ್ಪಳ ಮುರಿದಂಗೆ ಉದುರ್ತು. ಟ್ರೈಲರ್ ಹುಕ್ಕು ಕೂರೋದೇ ಅಲ್ಲಿ. ಅಲ್ಲಿಗೆ ಒಳಗಿಂದ ಆರು ಎಂಎಂ ಪ್ಲೇಟ್ ಕೊಟ್ಟು, ಹುಕ್ಕಿನ ಬುಡದಿಂದ ಎರಡೂ ಕಡೆ ಚಾಸಿಸ್ಸಿಗೆ ಓರೆಯಾಗಿ ತೋಳು ಕಟ್ಟಿಸ್ದೆ. ಬರೀ ಕ್ರಾಸ್ ಮೆಂಬರಿಗೆ ನಾಲ್ಕು ಬೋಲ್ಟ್ ಹಾಕಿ ಟ್ರೈಲರ್ ಎಳೆಯೋರನ್ನ ನೋಡಿದೀನಿ, ಅವ್ರ ಹಿಂದೆ ನಾನು ಗಾಡಿ ಓಡ್ಸಲ್ಲ.

ಈಗ ಇಂಜಿನ್ ವಿಷಯ. ಮೊದಲ ಸಲ ಫುಲ್ ಕೆಲಸ ಮಾಡ್ಸಿ, ರೇಡಿಯೇಟರ್ ರಾಡ್ ಹೊಡ್ಸಿ (ಟ್ಯೂಬಿಗೆ ಕಂಬಿ ತೂರಿಸಿ ಕ್ಲೀನ್ ಮಾಡೋದು), ಖಾಲಿ ಗಾಡೀಲಿ ಶಿರಾಡಿ ಇಳಿದು ಹತ್ತೋವಾಗ ಕಾದು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪದರ) ಹೋಯ್ತು. ಹೆಡ್ ತಳ ಸಮ ಮಾಡೋ ಫೇಸಿಂಗ್ ಮಾಡ್ಸಿ ಹೊಸಾ ಗ್ಯಾಸ್ಕೆಟ್ ಹಾಕ್ಸಿದ್ದಾಯ್ತು. ನಾಲ್ಕು ತಿಂಗಳಿಗೆ ಟ್ರೈಲರ್ ಕಟ್ಕೊಂಡು ಹೊರಟ್ರೆ ದೋಣಿಗಾಲ್ ಹತ್ರ ಮತ್ತೆ ಹೋಯ್ತು, ಅವತ್ತು ಟ್ರೈಲರ್ ಒಂದು ಹೋಟೆಲ್ ಹಿಂದೆ ಬಿಟ್ಟು ಜೀಪನ್ನ ಪಿಕಪ್ಪಿಗೆ ಕಟ್ಟಿ ಎಳ್ಕೊಂಡು ಬಂದ್ವಿ. ಎರಡು ಸಲದ್ದೂ ಸೇರಿ ಹತ್ತತ್ರ ಹದಿನೈದು ಸಾವಿರ ನೀರಲ್ಲಿ ಹೋಮ. ಮೇಸ್ತ್ರಿ ಹೇಳಿದ್ದು, "ಅಣ್ಣ, ಇದರ ಹಣೇಬರಹನೇ ಇಷ್ಟು."

ಹಣೇಬರಹ ಅಲ್ಲ. ಅವರು ಮಾಡಿದ್ದೆಲ್ಲಾ ರೇಡಿಯೇಟರಿಗೆ, ಬ್ಲಾಕ್ ಒಳಗೆ ಯಾರೂ ಕಣ್ಣು ಹಾಕಿರ್ಲಿಲ್ಲ. ಗಾಡಿ ತೋಟದಲ್ಲಿದ್ದಾಗ ಕೂಲಂಟ್ ಅನ್ನೋದು ಕಂಡೇ ಇಲ್ಲ, ಹಳ್ಳದ ನೀರು ಮೊಗೆದು ಹಾಕ್ಕೊಂಡು ವರ್ಷಗಟ್ಟಲೆ ಓಡ್ಸಿದಾರೆ. ಮೂರನೇ ಸಲ ನಾನೇ ಅಂಗಡಿಗೆ ತಂದು ಬ್ಲಾಕ್ ಪಕ್ಕದ ವಾಟರ್ ಪ್ಲಗ್ ಎಲ್ಲಾ ಕಿತ್ತೆ. ಫೈರ್‌ವಾಲ್ ಕಡೆ, ಅಂದ್ರೆ ಇಂಜಿನ್ ಹಿಂಬದಿ, ಸಿಲಿಂಡರ್ ಸುತ್ತ ನೀರು ಓಡೋ ಜಾಗದಲ್ಲಿ ತುಕ್ಕು ಮಣ್ಣು ಸೇರಿ ಇಟ್ಟಿಗೆ ಥರ ಕೂತಿತ್ತು, ಸ್ಕ್ರೂ ಡ್ರೈವರ್ ಇಳೀತಿರ್ಲಿಲ್ಲ. ನೀರು ಮುಂದಿನ ಎರಡು ಸಿಲಿಂಡರ್ ಸುತ್ಕೊಂಡು ವಾಪಸ್ ಹೋಗ್ತಿತ್ತು, ಹಿಂದಿನವೆರಡು ಬೆಂಕೀಲಿ. ಹಳೇ ಸ್ಪೀಡೋಮೀಟರ್ ಕೇಬಲ್ಲಿನ ಒಳಗಿನ ತಂತಿ ತುದಿ ಬಿಡಿಸಿ ಕುಂಚ ಥರ ಮಾಡಿ, ಡ್ರಿಲ್ ಮಿಷನ್ನಿಗೆ ಸಿಕ್ಕಿಸಿ ತೂರಿಸಿ ತಿರುಗಿಸ್ದೆ. ಮೂರು ದಿನ ಬೇಕಾಯ್ತು, ಒಂದೂವರೆ ಕೆಜಿ ಕೆಸರು ಬಂತು, ತೂಕ ಹಾಕಿ ನೋಡಿದೀನಿ. ನಡುವೆ ಎರಡು ರಾತ್ರಿ ಒಂದು ನೀರು ತುಂಬಿಸಿ ನೆನೆಹಾಕಿದ್ದೆ, ಅದೇನು ಅಂತ ಹೇಳಲ್ಲ, ಅಡುಗೆಮನೇಲಿ ಇರೋದೇ, ಅಷ್ಟು ಹೇಳ್ಬಲ್ಲೆ.

ಜೊತೆಗೆ ಎರಡು ಕೆಲಸ. ಮೇಸ್ತ್ರಿಗಳು ಕಿತ್ತು ಬಿಸಾಕೋ ಥರ್ಮೋಸ್ಟಾಟ್ (ಬಿಸಿ ನೋಡ್ಕೊಂಡು ನೀರು ಬಿಡೋ ವಾಲ್) ವಾಪಸ್ ಹಾಕ್ದೆ. ಫ್ಯಾನ್ ಸುತ್ತ ಗಾಳಿ ಆಚೀಚೆ ಹೋಗದಂಗೆ ತಡೆಯೋ ಶ್ರೌಡ್ ಇರ್ಲಿಲ್ಲ, ಆಯಿಲ್ ಡ್ರಮ್ಮಿನ ತಗಡು ಕತ್ತರಿಸಿ ಫ್ಯಾನ್ ತುದಿಗೂ ತಗಡಿಗೂ ಬೆರಳಷ್ಟು ಗ್ಯಾಪ್ ಬಿಟ್ಟು ಮಾಡ್ದೆ. ರೇಡಿಯೇಟರಿಗೆ ದಪ್ಪ ಕೋರ್ ಹಾಕ್ಸಿದೀನಿ, ಯಾವ ಗಾಡೀದು ಅಂತ ಮಾತ್ರ ಕೇಳ್ಬೇಡಿ, ಹೇಳಿದ್ರೆ ನಾಳೆಯಿಂದ ಗುಜರೀಲಿ ಅದರ ರೇಟ್ ಏರುತ್ತೆ. ಇಷ್ಟೇ. ಎರಡು ವರ್ಷ ಆಯ್ತು, ಹೆಡ್ ಮುಟ್ಟಿಲ್ಲ.

ಗೇರ್‌ಬಾಕ್ಸ್ ಆಯಿಲ್ ಟ್ರಾನ್ಸ್‌ಫರ್ ಕೇಸಿಗೆ (ಮುಂದೆ ಹಿಂದೆ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ) ಇಳಿಯೋದು ಈ ಜೀಪಿನ ಮಾಮೂಲಿ ಕಾಯಿಲೆ, ಸೀಲ್ ಹಾಕಿದೀನಿ, ಆದ್ರೂ ಎರಡೂ ಕಡೆ ಲೆವೆಲ್ ನೋಡ್ತಾ ಇರಿ. ಸ್ಟೀರಿಂಗ್ ಅಲ್ಲಾಡೋದು, ಮುಂದಿನ ಚಕ್ರ ತಿರುಗೋ ಕಿಂಗ್‌ಪಿನ್ನಿನ ಶಿಮ್ (ತೆಳು ಬಿಲ್ಲೆ) ಸರಿ ಮಾಡಿದ್ಮೇಲೆ ಮುಗೀತು.

ಟ್ರೈಲರ್ ಕತೆ ಉದ್ದ. ಮೊದಲನೇದು ನಾನೇ ಕಟ್ಸಿದ್ದು, ಐವತ್ತು ಎಂಎಂ ಕಬ್ಬಿಣದ ಆಂಗಲ್ಲು, ಮೂರು ಎಂಎಂ ತಗಡು, ಟ್ರ್ಯಾಕ್ಟರ್ ಟ್ರೈಲರ್ ಮಾಡೋ ಶೆಡ್ಡಲ್ಲಿ. ಚೆನ್ನಾಗೇ ಮಾಡಿಕೊಟ್ರು, ಖಾಲಿ ತೂಕನೇ ನಾನೂರ ಇಪ್ಪತ್ತು ಕೆಜಿ! ಜೀಪಿಗಿಂತ ಅರ್ಧ ಅಡಿ ಅಗಲ ಬೇರೆ. ಗೊರೂರು ಹಿನ್ನೀರಿಗೆ, ಅದೇ ಶೆಟ್ಟಿಹಳ್ಳಿ ಚರ್ಚಿನ ಹತ್ರ, ಟ್ರಯಲ್ ನೋಡಣ ಅಂತ ಹೋದ್ವಿ. ಬೇಸಿಗೆ, ನೀರು ಇಳಿದಿತ್ತು, ಮೇಲೆ ಒಣಗಿದ ಕಟ್ಟೆ ಮಣ್ಣು, ಒಳಗೆ ಹಲ್ವಾ. ಜೀಪಿನ ಚಕ್ರ ತುಳಿದು ಗಟ್ಟಿ ಮಾಡಿದ ಜಾಡಲ್ಲಿ ಟ್ರೈಲರ್ ಚಕ್ರ ಬರ್ಬೇಕು, ಇದು ಎರಡೂ ಕಡೆ ಹೊಸಾ ಕೆಸರನ್ನೇ ಉತ್ಕೊಂಡು ಬಂತು. ಸಂಜೆವರೆಗೂ ಅಲ್ಲೇ. ಕೊನೆಗೆ ಮೀನು ಹಿಡಿಯೋರು ಬಂದು ತಳ್ಳಿಕೊಟ್ರು, ಅದ್ರಲ್ಲೊಬ್ಬರು ವಯಸ್ಸಾದವ್ರು, "ಎತ್ತಿನ ಗಾಡಿಗೂ ಎರಡು ಗಾಲಿ ಜಾಡು ಒಂದೇ ಇರ್ತದೆ ಕಣಪ್ಪ" ಅಂದ್ರು. ಆ ಟ್ರೈಲರನ್ನ ಇಟ್ಟಿಗೆ ಗೂಡಿನವ್ರಿಗೆ ಕೊಟ್ಟೆ, ಹನ್ನೊಂದು ಸಾವಿರ ಲಾಸು.

ಎರಡನೇದು ಹಳೇ ಮಿಲಿಟರಿ ಮಾದರಿ ಕ್ವಾರ್ಟರ್ ಟನ್ (ಕಾಲು ಟನ್ ಹೊರೋ) ತೊಟ್ಟಿ ಟ್ರೈಲರ್, ಮೂವತ್ತೆರಡು ಸಾವಿರ. ಜಾಸ್ತಿ ಆಯ್ತು ಅಂತೀರ, ಆದ್ರೆ ಅದಕ್ಕೆ ಆರ್‌ಸಿ ಇತ್ತು. ಪೇಪರ್ ಇಲ್ಲದ್ದು ಹತ್ತು ಸಾವಿರಕ್ಕೆ ಸಿಗುತ್ತೆ, ತಗೋಬೇಡಿ, ಟ್ರೈಲರಿಗೂ ರಿಜಿಸ್ಟ್ರೇಷನ್ ಬೇಕು, ಮೊದಲನೇದಕ್ಕೆ ಮಾಡಿಸಿಕೊಡ್ತೀನಿ ಅಂತ ಎಂಟು ಸಾವಿರ ಈಸ್ಕೊಂಡ ಏಜೆಂಟು ಈಗ ನನ್ನ ಫೋನೇ ಎತ್ತಲ್ಲ. ಇದರ ಅಗಲ ಜೀಪಿನ ಚಕ್ರದ ಅಗಲಕ್ಕೇ ಸರಿ, ಖಾಲಿ ತೂಕ ಇನ್ನೂರೈವತ್ತರ ಆಸುಪಾಸು.

ಆಕ್ಸಲ್ ಕೆಟ್ಟಿತ್ತು. ಅಲ್ಲಿ ಒಂದು ಒಳ್ಳೆ ಕೆಲಸ ಮಾಡ್ದೆ, ಇದನ್ನ ಧಾರಾಳವಾಗಿ ಕಾಪಿ ಹೊಡೀರಿ: ಗುಜರೀಲಿ ಜೀಪಿನ ಮುಂದಿನ ಚಕ್ರದ ಸ್ಪಿಂಡಲ್ಲು (ಹಬ್ ತಿರುಗೋ ಗೂಟ), ಹಬ್ಬು ಎರಡು ಜೊತೆ ತಗೊಂಡು, ದಪ್ಪ ಪೈಪಿನ ಎರಡು ತುದಿಗೆ ಲೇತಲ್ಲಿ ಫ್ಲ್ಯಾಂಜ್ ಹೊಡ್ಸಿ ಬೋಲ್ಟ್ ಮಾಡ್ಸಿದ್ದು. ಹಿಂದಿನ ಆಕ್ಸಲ್ಲಿನ ಹೌಸಿಂಗ್ ಹಾಕೋಕೆ ಹೋಗ್ಬೇಡಿ, ಶಾಫ್ಟ್ ಇಲ್ದೆ ಅದ್ರಲ್ಲಿ ಚಕ್ರ ನಿಲ್ಲಲ್ಲ, ತೂಕ ಬೇರೆ. ಮುಂದಿನ ಹಬ್ ಆದ್ರೆ ತನ್ನ ಎರಡು ಬೇರಿಂಗ್ ಮೇಲೆ ತಾನೇ ತಿರುಗುತ್ತೆ. ಅದೇ ಐದು ಬೋಲ್ಟು, ಅದೇ 15 ಇಂಚಿನ ಚಕ್ರದ ಡಿಸ್ಕು, ಆರು ಚಕ್ರಕ್ಕೂ ಒಂದೇ ಸ್ಟೆಪ್ನಿ.

ಸ್ಪ್ರಿಂಗ್ ಪಟ್ಟ ಒಂಬತ್ತು ಇತ್ತು. ಮೊದಲ ಟ್ರಿಪ್ಪಲ್ಲಿ ಹಿಂದೆ ಟ್ರೈಲರ್ ಮೊಲ ಥರ ನೆಗೀತಿತ್ತು, ಕ್ಯಾಂಪಿಗೆ ಹೋಗಿ ಮುಚ್ಚಳ ತೆಗೆದ್ರೆ ಮೂವತ್ತು ಮೊಟ್ಟೆ ಅಕ್ಕಿ ಚೀಲದ ಮೇಲೆ ಒಡೆದು ಕೂತಿದೆ, ಸ್ಟೌ ಬರ್ನರ್ ಬಾಗಿದೆ. ಆರಕ್ಕಿಳಿಸ್ದೆ, ಆಮೇಲೆ ನಾಲ್ಕು. ನಾಲ್ಕೇ ಸರಿ, ಈಗ ಮೊಟ್ಟೆ ಒಡೆಯಲ್ಲ.

ಇನ್ನೊಂದು ಭಯ ಬಿದ್ದಿದ್ದು ಹೈವೇಲಿ. ನೀರಿನ ಇಪ್ಪತ್ತು ಲೀಟರ್ ಕ್ಯಾನ್ ಎರಡನ್ನ ಟ್ರೈಲರಿನ ಹಿಂತುದೀಲಿ ಇಟ್ಟಿದ್ದೆ, ಇಳಿಜಾರಲ್ಲಿ ಐವತ್ತೈದು ದಾಟ್ತಿದ್ದಂಗೆ ನಾಯಿ ಬಾಲ ಅಲ್ಲಾಡಿಸಿದಂಗೆ ಶುರುವಾಯ್ತು, ಜೀಪನ್ನೇ ಎಳೆದಾಡ್ತು, ನಮ್ಮನೆಯವಳು ಡ್ಯಾಶ್‌ಬೋರ್ಡ್ ಹಿಡ್ಕೊಂಡು ಒಂದು ಮಾತೂ ಆಡ್ಲಿಲ್ಲ, ಅದೇ ಜಾಸ್ತಿ ಭಯ. ಬ್ರೇಕ್ ಹೊಡೀದೆ ಆಕ್ಸಿಲರೇಟರ್ ಬಿಟ್ಟು ಬಿಟ್ಟು ನಿಲ್ಲಿಸ್ದೆ. ಕ್ಯಾನ್ ಮುಂದಕ್ಕೆ ತಂದೆ, ಅಷ್ಟಕ್ಕೇ ನಿಂತೋಯ್ತು. ಈಗ ಹೊರಡೋ ಮುಂಚೆ ಹುಕ್ಕಿನ ಬಳೆ ಕೆಳಗೆ ಮೈತೂಕ ನೋಡೋ ಮಿಷನ್ ಇಡ್ತೀನಿ, ತುಂಬಿದ ಟ್ರೈಲರಿಗೆ ನಲವತ್ತರಿಂದ ನಲವತ್ತೈದು ಕೆಜಿ ತೋರಿಸ್ಬೇಕು. ಒಟ್ಟು ತೂಕದ ಹತ್ತರಲ್ಲಿ ಒಂದು ಭಾಗ ಅಂತ ಇಟ್ಕೊಳ್ಳಿ.

ನನ್ನ ಕಸುಬಿಗೇ ಮಾನ ಹೋಗಿದ್ದು ಲೈಟಲ್ಲಿ. ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟ್ ಮಿಣುಕೋದು, ಬ್ರೇಕ್ ತುಳಿದ್ರೆ ಎಲ್ಲಾ ಮಂಕು. ಮೂರು ಭಾನುವಾರ ವೈರ್ ಬದಲಾಯಿಸ್ದೆ. ಕರೆಂಟ್ ವಾಪಸ್ ಬರೋ ಅರ್ಥ್ ಹುಕ್ಕಿನ ಮೂಲಕ ಹೋಗ್ತಿದೆ, ಹುಕ್ಕಲ್ಲಿ ಗ್ರೀಸ್ ಇದೆ, ಕರೆಂಟ್ ಸರಿ ಹರಿಯಲ್ಲ! ದಿನಾ ಹತ್ತು ಮೋಟಾರ್ ನೋಡೋ ನನಗೆ ಹೊಳೀಲಿಲ್ಲ, ಅಂಗಡಿ ಹುಡುಗ ಹೇಳಿದ. ಅರ್ಥಿಗೆ ಒಂದು ಪ್ರತ್ಯೇಕ ವೈರ್ ಎಳೀರಿ.

ಅದಕ್ಕೆ ಸೇಡು ತೀರಿಸ್ಕೊಳ್ಳೋಕೆ ಅಂತ ಎಲೆಕ್ಟ್ರಿಕ್ ಬ್ರೇಕ್ ಮಾಡೋಕೆ ಹೋದೆ. ಇಪ್ಪತ್ತೆರಡು ಗೇಜ್ ತಂತೀಲಿ ಎರಡು ಕಾಯಿಲ್ ಸುತ್ತಿ, ಟ್ರೈಲರ್ ಬ್ರೇಕ್ ಡ್ರಮ್ ಒಳಗೆ ಮ್ಯಾಗ್ನೆಟ್ ಲೈನರನ್ನ ಎಳೆಯೋ ಹಂಗೆ ಕೂರಿಸ್ದೆ. ಒಣ ರೋಡಲ್ಲಿ ಬಲು ಚಂದ. ಮಳೇಲಿ ಒಂದು ಚಕ್ರ ಮೊದಲು ಹಿಡೀತು, ಟ್ರೈಲರ್ ಅಡ್ಡ ತಿರುಗಿ ಬಂದು ಜೀಪಿನ ಪಕ್ಕಕ್ಕೆ ಮುತ್ತಿಟ್ಟು ಹೋಯ್ತು. ಕಿತ್ತೆಸೆದೆ. ಈಗ ಮಾಮೂಲಿ ಹ್ಯಾಂಡ್ ಬ್ರೇಕ್ ಲಿವರ್ ಮಾತ್ರ, ಅದೂ ನಿಲ್ಲಿಸಿದಾಗ. ಇಳಿಜಾರಲ್ಲಿ ಯಾವ ಗೇರಲ್ಲಿ ಹತ್ತುತ್ತೋ ಅದ್ರಲ್ಲೇ ಇಳೀತೀನಿ, ಬಿಸಿಲೆ ಕೆಟ್ಟ ತಿರುವಲ್ಲಿ ಲೋ ರೇಂಜ್ (ಇನ್ನೂ ನಿಧಾನದ ಗೇರು) ಹಾಕೋಕೆ ನಾಚಿಕೆ ಇಲ್ಲ. ಟ್ರೈಲರಿನ ಒಟ್ಟು ತೂಕ ನಾನೂರೈವತ್ತು ದಾಟ್ಸಲ್ಲ, ನಮ್ಮಕ್ಕ ಮಡಿಸೋ ಮಂಚ ತರ್ತೀನಿ ಅಂದ್ರೂ ಬೇಡ ಅಂದಿದೀನಿ.

ಮಲಗೋದು ಟ್ರೈಲರ್ ಮೇಲೇ. ನಮ್ಮ ಕಡೆ ನೆಲದಲ್ಲಿ ಟೆಂಟ್ ಹಾಕಿದ್ರೆ ಇಂಬಳ (ಜಿಗಣೆ) ಕಾಲ್ಬೆರಳ ಸಂದೀಲಿ ರಾತ್ರಿ ಪೂರ್ತಿ ಊಟ ಮಾಡುತ್ತೆ. ಮುಚ್ಚಳ ಎರಡು ಕಡೆ ಬಿಡಿಸಿದ್ರೆ ಮಂಚ, ಮೇಲೆ ಲಾರಿ ಟಾರ್ಪಾಲು ಹೊಲಿಯೋರ ಹತ್ರ ಹೊಲಿಸಿದ ಟೆಂಟು, ಆರೂವರೆ ಸಾವಿರ. ಕಾಡೊಳಗೆ ಎಲ್ಲೂ ಹಾಕಲ್ಲ, ಪರಿಚಯದವ್ರ ತೋಟ, ಇಲ್ಲಾ ಹಿನ್ನೀರಿನ ದಡ. ಸ್ನಾನಕ್ಕೆ ನಾಲ್ಕಿಂಚಿನ ಆರಡಿ ಪಿವಿಸಿ ಪೈಪಿಗೆ ಕಪ್ಪು ಬಣ್ಣ ಹೊಡೆದು ಎರಡೂ ಕಡೆ ಕ್ಯಾಪ್ ಅಂಟಿಸಿ ಪಕ್ಕಕ್ಕೆ ಕಟ್ಟಿದೀನಿ, ಹದಿನಾಲ್ಕು ಹದಿನೈದು ಲೀಟರ್ ಹಿಡಿಯುತ್ತೆ, ಮಧ್ಯಾಹ್ನದ ಬಿಸಿಲಿಗೆ ಮೈಗೆ ಹಿತವಾಗೋಷ್ಟು ಕಾಯುತ್ತೆ. ಸೈಕಲ್ ವಾಲ್ ಕೂರಿಸಿ ಪಂಪ್ ಹೊಡೆದು ಪ್ರೆಷರ್ ಕೊಡಕ್ಕೆ ಹೋಗಿ ಒಂದು ಕ್ಯಾಪ್ ಹಾರಿ ಭಾವನ ಬೆನ್ನಿಗೆ ಬಡೀತು, ಈಗ ಪ್ರೆಷರ್ ಇಲ್ಲ, ಸುಮ್ನೆ ಸುರಿಯುತ್ತೆ.

ತೊಟ್ಟಿಯದೊಂದು ಹೇಳದು ಮರ್ತೆ. ಈ ಮಾದರಿ ಎರಡನೇ ಮಹಾಯುದ್ಧದ ಕಾಲದ್ದು, ಹೊಳೇಲಿ ತೇಲ್ಲಿ ಅಂತ ಒಂದು ಸಂದೂ ಇಲ್ದಂಗೆ ಮಾಡಿರೋದು, ಅದಕ್ಕೇ ತಳದಲ್ಲಿ ಎರಡು ಡ್ರೈನ್ ಪ್ಲಗ್ ಇರುತ್ತೆ. ನಂದರಲ್ಲಿ ಹಿಂದಿನ ಪುಣ್ಯಾತ್ಮ ಅವೆರಡನ್ನೂ ವೆಲ್ಡ್ ಮಾಡಿ ಮುಚ್ಚಿದ್ದ. ಜುಲೈ ರಾತ್ರಿ ಟಾರ್ಪಾಲ್ ಒಂದು ಮೂಲೆ ಬಿಚ್ಕೊಂಡಿದ್ದು ಗೊತ್ತಾಗ್ಲಿಲ್ಲ, ಬೆಳಗ್ಗೆ ನೋಡಿದ್ರೆ ಮೊಣಕಾಲುದ್ದ ನೀರು, ಅದ್ರಲ್ಲಿ ಈರುಳ್ಳಿ, ಚಪ್ಪಲಿ, ಹಾಸಿಗೆ ಎಲ್ಲಾ ತೇಲ್ತಿದೆ. ಚೊಂಬಲ್ಲಿ ಮೊಗೆದು ಖಾಲಿ ಮಾಡಿದ್ದು. ಮರುದಿನವೇ ವೆಲ್ಡಿಂಗ್ ಬಿಡಿಸಿ, ಲೇತಲ್ಲಿ ಹಿತ್ತಾಳೇದು ಎರಡು ಪ್ಲಗ್ ತಿರುಗಿಸಿ ಹಾಕ್ದೆ, ನೋಡೋಕೂ ಚೆಂದ.

ದುಡ್ಡು: ಗಾಡಿ ಒಂದು ನಲವತ್ತು, ಇಂಜಿನ್ನಿಗೆ ಹಾಳಾದ ಗ್ಯಾಸ್ಕೆಟ್ ಎಲ್ಲಾ ಸೇರಿ ಎಪ್ಪತ್ತೆಂಟು ಸಾವಿರ, ಚಾಸಿಸ್ಸು ಟಿಂಕರಿಂಗ್ ಪೇಂಟು ತೊಂಬತ್ತೈದು, ಗೇರ್‌ಬಾಕ್ಸು ಆಕ್ಸಲ್ಲು ನಲವತ್ತು, ಏಳು ಟೈರಿಗೆ ಮೂವತ್ತೆಂಟು, ಟ್ರೈಲರು ಅದರ ಕೆಲಸ ಎಲ್ಲಾ ಎಪ್ಪತ್ತೆಂಟರ ಹತ್ರ. ನಾಲ್ಕೂಮುಕ್ಕಾಲು ಲಕ್ಷದ ಸುತ್ತಮುತ್ತ, ಮನೇಲಿ ಹೇಳಿರೋದು ಮೂರು. ಮೊದಲನೇ ಟ್ರೈಲರಿನ ಲಾಸು, ಏಜೆಂಟ್ ತಿಂದಿದ್ದು ಇದಕ್ಕೆ ಸೇರ್ಸಿಲ್ಲ. ಹಳೇ ಗಾಡಿ ಆರ್‌ಸಿ ರಿನ್ಯೂವಲ್ ಫೀಸು 2022ರ ಏಪ್ರಿಲ್‌ನಲ್ಲಿ ಆರುನೂರರಿಂದ ಐದು ಸಾವಿರಕ್ಕೆ ಏರಿತ್ತು, ಅದೂ ಬೇರೆ.

ಆ ನೀಲಿ ಟಿಕ್ ಮೇಸ್ತ್ರಿ ಹೋದ ತಿಂಗಳು ಅಂಗಡಿಗೆ ಬಂದ. ಇಂಜಿನ್ ಬಗ್ಗೆ ಒಂದು ಮಾತಿಲ್ಲ. ಮಗಳ ಮದುವೆ, ಪಾತ್ರೆ ಸಾಗ್ಸೋಕೆ ಎರಡು ದಿನ ಜೀಪು ಟ್ರೈಲರು ಕೊಡ್ತೀಯಾ ಅಣ್ಣ ಅಂದ. ಕೊಟ್ಟೆ, ಮದುವೆ ಊಟನೂ ಮಾಡ್ಬಂದೆ. ಗಾಡಿ ತೊಳೆದು ಡೀಸೆಲ್ ತುಂಬಿಸೇ ವಾಪಸ್ ತಂದು ನಿಲ್ಲಿಸಿದಾನೆ, ಹಿತ್ತಾಳೆ ಪ್ಲಗ್ ಮಾತ್ರ ಒಂದೇ ಇದೆ.